ಹಾಸಿಗೆಗೆ ಒಂದು ಶೀಟು

ಫೆಬ್ರವರಿ 11

ಅಮ್ಮಾ,

ಕೆಲಸ ಸಿಕ್ಕಿತು. ಮೊದಲನೇ ಸಾಲಿನಲ್ಲೇ ಹೇಳಿಬಿಟ್ಟೆ, ಇಲ್ಲದಿದ್ದರೆ ನೀನು ಕೊನೆಯ ಸಾಲಿಗೆ ಹಾರಿ, ಅದನ್ನು ಓದಿಕೊಂಡು, ಆಮೇಲೆ ನಿಧಾನವಾಗಿ ಮೇಲಕ್ಕೆ ಬರುವವಳು. ಫೋನ್ ಮಾಡೋಣ ಅಂದುಕೊಂಡೆ. ಆದರೆ ಲಾಂಡ್ರಿಯ ಮೆಷಿನ್ನುಗಳು ತಿಂದು ಉಳಿಸಿರುವ ನಿನ್ನ ಕಿವಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಇಡೀ ಹಾಸ್ಟೆಲ್ಲಿಗೆ ಮುಟ್ಟಿರುತ್ತಿತ್ತು. ಹಾಗಾಗಿ ಎಂದಿನಂತೆ ಕಾಗದ.

ಆಸ್ಪತ್ರೆ, ಹೋಟೆಲು, ವಸತಿ ಶಾಲೆಗಳಿಗೆ ಎಷ್ಟು ಸಾಮಾನು ಬೇಕು, ಎಷ್ಟು ಕೆಲಸದವರು ಬೇಕು ಎಂದು ಲೆಕ್ಕ ಹಾಕಿಕೊಡುವ ಕಚೇರಿ ಇದು. ಸಂದರ್ಶನದಲ್ಲಿ ಓದಿದ್ದೇನು, ಅಂಕ ಎಷ್ಟು ಅಂತ ಕೇಳುವುದೇ ಇಲ್ಲ. ಅಂದಾಜು ಪ್ರಶ್ನೆ ಕೇಳುತ್ತಾರೆ. ನನಗಿಂತ ಮುಂಚೆ ಒಳಗೆ ಹೋದವನಿಗೆ "ಈ ಊರಲ್ಲಿ ಒಟ್ಟು ಎಷ್ಟು ಬಾಚಣಿಗೆ ಇವೆ?" ಅಂತ ಕೇಳಿದರಂತೆ. ಪಾಪ, ಹೊರಗೆ ಬರುವಾಗ ಅವನ ಕೂದಲೆಲ್ಲ ಎದ್ದು ನಿಂತಿತ್ತು. ಸರಿಯಾದ ಉತ್ತರ ಕೇಳಿದವರಿಗೂ ಗೊತ್ತಿರುವುದಿಲ್ಲ. ಜನ ಎಷ್ಟು, ಮನೆ ಎಷ್ಟು, ಮನೆಗೆ ಎಷ್ಟು ಅಂತ ಒಂದೊಂದೇ ಮೆಟ್ಟಿಲು ಹತ್ತಿ ತೋರಿಸಬೇಕು. ತಲೆ ಹೇಗೆ ಓಡುತ್ತದೆ ಅಂತ ಅವರು ನೋಡುತ್ತಾರೆ.

ನನಗೆ ಬಂದ ಪ್ರಶ್ನೆ ಏನು ಗೊತ್ತಾ? ಮಧ್ಯದಲ್ಲಿ ಕೂತಿದ್ದ ಕನ್ನಡಕದ ಸಾಹೇಬರು ಕೇಳಿದರು: "ಆರುನೂರು ಹಾಸಿಗೆ ಇರೋ ಆಸ್ಪತ್ರೆ. ದಿನಕ್ಕೆ ಎಷ್ಟು ಬೆಡ್‌ಶೀಟು ಒಗೀಬೇಕು?"

ಅಮ್ಮಾ, ನಗು ತಡೆದುಕೊಳ್ಳುವುದೇ ಕಷ್ಟವಾಯಿತು. ಎದ್ದು ಹೋಗಿ ಬೋರ್ಡಿನ ಮೇಲೆ ಬರೆದು ತೋರಿಸಿದೆ. "ಚೆನ್ನಾಗಿದೆ, ಸೋಮವಾರದಿಂದ ಬನ್ನಿ" ಅಂದರು.

ಒದ್ದೆ ಚಪ್ಪಲಿಯಲ್ಲೇ ಮನೆಗೆ ನಡೆದು ಬರಬೇಡ. ಹೋದ ಸಲದ ಕೆಮ್ಮು ನೆನಪಿರಲಿ.

ನಿನ್ನ
ಚುಕ್ಕಿ


ಫೆಬ್ರವರಿ 17

ಚುಕ್ಕಿ,

ಈ ಕಾಗದ ವಾರ್ಡಿನ ಚೀಟಿಗಳ ಹಿಂದುಗಡೆ ಬರೆಯುತ್ತಿದ್ದೇನೆ. ಮೂಗು ಮುರಿಯಬೇಡ, ಮುಂದುಗಡೆ "ಕೊಳೆ: ಎಂಟು ಗಂಟು" ಅಂತ ಇದ್ದರೆ ಅದನ್ನು ಓದಬೇಡ ಅಷ್ಟೇ.

ನಿನ್ನ ಪತ್ರ ಕೈಗೆ ಬಂದಾಗ ನಾನು ಶೀಟು ಇಸ್ತ್ರಿಯಾಗುವ ರೋಲರ್ ಹತ್ತಿರ ಇದ್ದೆ. ಮೊದಲನೇ ಸಾಲು ಓದಿ "ಹೋ" ಅಂದೆ. ನಮ್ಮ ಬಾಯಿಬಡುಕಿ ರೇಡಿಯೋ, ನಾನೇನೋ ಕೈ ಸುಟ್ಟುಕೊಂಡೆ ಅಂತ ಮಡಿಸುತ್ತಿದ್ದ ಶೀಟು ಬಿಟ್ಟು ಓಡಿ ಬಂದಳು. ಅವಳಿಗೆ ಹೇಳಿದರೆ ಮುಗಿಯಿತಲ್ಲ, ಮಧ್ಯಾಹ್ನದ ಊಟದ ಹೊತ್ತಿಗೆ ಮೂರನೇ ಮಹಡಿಯ ಡಾಕ್ಟರೂ ನನಗೆ ಕೈ ಎತ್ತಿ ಶುಭಾಶಯ ಹೇಳಿದರು. ಲಾಂಡ್ರಿಯ ಉಳಿದ ಹನ್ನೆರಡು ಜನರಿಗೂ ಹೇಳಿಬಿಟ್ಟಿದ್ದೇನೆ: ನನ್ನ ಮಗಳಿಗೆ ನಮ್ಮ ಶೀಟುಗಳು ಕೆಲಸ ಕೊಡಿಸಿದವು!

ದೊಡ್ಡ ಓದು ಓದಿದವರಿಗೆ ಆ ಪ್ರಶ್ನೆ ಕಷ್ಟ. ನಿನಗೇನು? ಗಂಟಿಗೆ ಹದಿನೈದು, ದಿನಕ್ಕೆ ತೊಂಬತ್ತಾರು ಗಂಟು, ಸಾವಿರದ ನಾನೂರ ನಲವತ್ತು ಅಂತ ಥಟ್ಟನೆ ಹೇಳಿರುತ್ತೀಯ. ನಮ್ಮದೂ ಆರುನೂರೇ ಹಾಸಿಗೆ ತಾನೇ. ಹೆರಿಗೆ ವಾರ್ಡಿನದು ಬೇರೆ ಲೆಕ್ಕ ಅಂತ ಹೇಳಿದೆಯಾ? ಕನ್ನಡಕದ ಸಾಹೇಬರ ಮುಖ ಹೇಗಾಯಿತು? ಎಲ್ಲ ಬರೆ. ನೀನು ಯಾವಾಗಲೂ ಬಸ್ಸಲ್ಲಿ ಪಕ್ಕ ಕೂತವರು ಹಾಕಿದ್ದ ಚಪ್ಪಲಿಯ ಬಣ್ಣದ ತನಕ ಬರೆಯುವವಳು, ಈ ಸಲ ಮುಖ್ಯವಾದದ್ದೇ ಬಿಟ್ಟಿದ್ದೀಯ.

ನೆನಪಿದೆಯಾ, ನೀನು ಶಾಲೆ ಬಿಟ್ಟು ಬಂದು ಗಂಟುಗಳ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದೆ. ನಾನು ಗಂಟು ಎತ್ತಿ "ಹದಿನೈದು" ಅನ್ನುತ್ತಿದ್ದೆ. ನೀನು ಬಿಚ್ಚಿ ಎಣಿಸುತ್ತಿದ್ದೆ. ಒಂದು ದಿನ "ಹದಿನಾಲ್ಕು, ಅಮ್ಮ ಸೋತಳು" ಅಂತ ಕುಣಿದೆ. ನೋಡಿದರೆ ಹದಿನೈದನೇದನ್ನು ಮಡಿಚಿ ಅದರ ಮೇಲೇ ಕೂತಿದ್ದೀಯ, ಕಳ್ಳಿ.

ಹೊಸ ಕೆಲಸಕ್ಕೆ ಹೊಸ ಚಪ್ಪಲಿ ತಗೋ.

ಕೈ ತುಂಬ ಸೋಪಿನ ನೊರೆ ಇರುವ
ಅಮ್ಮ


ಮಾರ್ಚ್ 15

ಅಮ್ಮಾ,

ತಡವಾಯಿತು, ಬೈಯಬೇಡ. ಹೊಸ ಜಾಗ, ಹೊಸ ಕೆಲಸ. ನನ್ನ ಕುರ್ಚಿಗೆ ಚಕ್ರ ಇದೆ, ಮೊದಲ ದಿನ ಕೂರಲು ಹೋಗಿ ಗೋಡೆಗೆ ಹೋಗಿ ಬಡಿದೆ. ಪಕ್ಕದ ಮೇಜಿನವಳು ಒಳ್ಳೆಯವಳು. ಅವಳ ಅಪ್ಪ ಕಾಲೇಜಿನಲ್ಲಿ ಪಾಠ ಮಾಡುತ್ತಾರಂತೆ. "ನಿಮ್ಮಮ್ಮ?" ಅಂತ ಕೇಳಿದಳು. ಆಸ್ಪತ್ರೆಯಲ್ಲಿದ್ದಾರೆ ಅಂದೆ. "ಅಯ್ಯೋ, ಏನಾಗಿದೆ?" ಅಂತ ಗಾಬರಿಯಾದಳು! ಕೆಲಸದಲ್ಲಿ ಅಂತ ಸರಿಮಾಡಿದೆ.

ಸಂದರ್ಶನದಲ್ಲಿ ನೀನು ಹೇಳುವ ಹಾಗೆಯೇ ಹೇಳಿದೆ. ಅದರಲ್ಲಿ ಬರೆಯುವಂಥದ್ದು ಹೆಚ್ಚೇನಿಲ್ಲ.

ಚಪ್ಪಲಿ ತಗೊಂಡೆ. ಕಂದು ಬಣ್ಣ.

ಚುಕ್ಕಿ


ಮೇ 20

ಚುಕ್ಕಿ,

ಎರಡು ತಿಂಗಳಾಯಿತು ನಿನ್ನ ಅಕ್ಷರ ನೋಡಿ. ಕೆಲಸ ಜಾಸ್ತಿ ಇರಬೇಕು. ಇಲ್ಲಿ ಒಂದು ತಮಾಷೆ ನಡೆದಿದೆ, ನಗು ಬರುತ್ತದೆ, ಸಿಟ್ಟೂ ಬರುತ್ತದೆ.

ಸೂಪರಿಂಟೆಂಡೆಂಟರ ಕೈಗೆ ಒಂದು ದಪ್ಪ ಪುಸ್ತಕ ಬಂದಿದೆ. ನುಣುಪು ಹಾಳೆ, ಬಣ್ಣಬಣ್ಣದ ಚಿತ್ರ. ಲಾಂಡ್ರಿ ಹೇಗೆ ನಡೆಯಬೇಕು ಅಂತ ಅದರಲ್ಲಿ ಇದೆಯಂತೆ. ನಮ್ಮನ್ನು ಸಾಲಾಗಿ ನಿಲ್ಲಿಸಿ ಓದಿದರು. ಹಾಸಿಗೆಗೆ ದಿನಕ್ಕೆ ಒಂದು ಶೀಟು, ಮೇಲೆ ನೂರಕ್ಕೆ ಹತ್ತು, ಒಟ್ಟು ಆರುನೂರ ಅರವತ್ತು. ಅಷ್ಟಕ್ಕೆ ಎರಡು ಮೆಷಿನ್ ಸಾಕು, ಏಳು ಜನ ಸಾಕು.

ರೇಡಿಯೋ ಕೇಳಿದಳು: "ಸಾರ್, ಈ ಲೆಕ್ಕ ಬರೆದವರು ಯಾವತ್ತಾದ್ರೂ ಹಾಸಿಗೆ ಮೇಲೆ ಮಲಗಿದಾರಾ, ಇಲ್ಲ ನಿಂತ್ಕೊಂಡೇ ನಿದ್ದೆ ಮಾಡ್ತಾರಾ?" ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ನಮ್ಮ ರಿಜಿಸ್ಟರಿನಲ್ಲಿ ಗಂಟಿನ ಲೆಕ್ಕ ಮಾತ್ರ ಇದೆ, ಗಂಟಿನೊಳಗೆ ಎಷ್ಟಿದೆ ಅಂತ ಯಾರೂ ಬರೆದಿಲ್ಲ. ಅದು ನಮ್ಮ ಕೈಗೆ ಗೊತ್ತು, ಅಷ್ಟೇ. ನಾನು ಹೇಳಹೋದೆ. "ನಿಮ್ಮ ಕೈಲೆಕ್ಕ ಬೇಡ, ಇದು ತಜ್ಞರ ಲೆಕ್ಕ" ಅಂದರು.

ಒಂದನೇ ತಾರೀಖಿನಿಂದ ಆರು ಜನ ಬರಬೇಕಾಗಿಲ್ಲ. ರೇಡಿಯೋ ಆ ಆರರಲ್ಲಿ ಒಬ್ಬಳು. ನಾನು ಹಳಬಳು ಅಂತ ಉಳಿದೆ. ಅವಳು ಅವತ್ತೇ ಬಟ್ಟೆ ಬದಲಿಸುವ ಕೋಣೆಯಲ್ಲಿ ತನ್ನ ಕಪಾಟಿನ ಬೀಗ ಬಿಚ್ಚಿ ಸಾಮಾನು ತೆಗೆದುಕೊಳ್ಳುವಾಗ ಒಂದು ಮಾತೂ ಆಡಲಿಲ್ಲ. ಅವಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪುಸ್ತಕದ ಮೇಲಿನ ಹೆಸರು ನಿನ್ನ ಕಚೇರಿಯದ್ದು. ಯಾರೋ ತಿಳಿಯದವರು ಬರೆದಿದ್ದಾರೆ. ನಿನ್ನ ಕಣ್ಣಿಗೆ ಬಿದ್ದಿಲ್ಲ, ಬಿದ್ದಿದ್ದರೆ ಬಿಡುತ್ತಿದ್ದೆಯಾ? ಒಂದು ಮಾತು ಹೇಳಿ ನೋಡು.

ಅಮ್ಮ


ಜೂನ್ 8

ಅಮ್ಮಾ,

ವಿಷಯ ತಿಳಿದು ಬೇಜಾರಾಯಿತು. ರೇಡಿಯೋ ಚಿಕ್ಕಮ್ಮನಿಗೆ ನಾನು ಕೇಳಿದೆ ಅಂತ ಹೇಳು.

ಆ ವರದಿ ಬೇರೆ ವಿಭಾಗದವರದು. ನಾವು ಹೊಸಬರು ಅದರಲ್ಲಿ ಬಾಯಿ ಹಾಕುವ ಹಾಗಿಲ್ಲ. ಆದರೂ ನೋಡುತ್ತೇನೆ.

ಇಲ್ಲಿ ಸೆಕೆ. ಆರೋಗ್ಯ ನೋಡಿಕೋ.

ಚುಕ್ಕಿ


ಜೂನ್ 30

ಚುಕ್ಕಿ,

"ನೋಡುತ್ತೇನೆ" ಅಂದಿದ್ದೆ. ನೋಡಿದೆಯಾ?

ಈಗ ನಾವು ಏಳು ಜನ. ಎರಡು ಮೆಷಿನ್ನಿಗೆ ಬೀಗ. ವಾರ್ಡಿನಿಂದ ಮೊದಲಿನ ಹಾಗೆಯೇ ಕೊಳೆ ಬರುತ್ತದೆ, ಅದಕ್ಕೆ ಪುಸ್ತಕ ಓದಲು ಬರುವುದಿಲ್ಲವಲ್ಲ. ಗೋಡೆಗೆ ಆನಿಸಿ ಕಿಟಕಿಯ ಎತ್ತರ ಪೇರಿಸಿದ್ದೇವೆ. ನರ್ಸುಗಳು ಬಾಗಿಲಲ್ಲಿ ನಿಂತು ನಮ್ಮನ್ನು ಬೈಯುತ್ತಾರೆ. ಅವರದ್ದೂ ತಪ್ಪಲ್ಲ.

ಮಂಗಳವಾರ ಹೆರಿಗೆ ವಾರ್ಡಿಗೆ ಗಾಡಿ ತಳ್ಳಿಕೊಂಡು ಹೋದೆ. ಹನ್ನೊಂದು ಶೀಟು ಇತ್ತು, ಬೇಕಾದದ್ದು ನಲವತ್ತು. ಕೊನೆಯ ಹಾಸಿಗೆಯಲ್ಲಿ ಒಬ್ಬಳು, ನಿನ್ನದೇ ವಯಸ್ಸು, ಹೆತ್ತು ಒಂದು ಗಂಟೆಯೂ ಆಗಿಲ್ಲ. ಬರೀ ರೆಕ್ಸಿನ್ ಮೇಲೆ ಮಲಗಿದ್ದಳು. ಬೆನ್ನು ಅಂಟಿಕೊಂಡು ಹೊರಳಲು ಆಗುತ್ತಿರಲಿಲ್ಲ. "ನನ್ನಿಂದ ಏನಾದ್ರೂ ತಪ್ಪಾಯ್ತಾ ಅಮ್ಮಾ, ನಂಗೆ ಮಾತ್ರ ಯಾಕೆ ಹಾಕಿಲ್ಲ?" ಅಂತ ಕೇಳಿದಳು. ಮನೆಗೆ ಹೋಗಿ ನಮ್ಮ ಹಾಸಿಗೆಯ ನೀಲಿ ಗೆರೆಯ ಶೀಟು ತಂದು ಹಾಸಿದೆ. ನೀನು ಮಲಗುತ್ತಿದ್ದದ್ದು.

ಜುಲೈ ಒಂಬತ್ತಕ್ಕೆ ಆ ಪುಸ್ತಕದವರು ಬಂದು ನೋಡುತ್ತಾರಂತೆ. ಬರಲಿ. ಯಾರು ಅಂತ ಮುಖ ನೋಡಬೇಕು ನಾನು.

ಅಮ್ಮ


ಜುಲೈ 11

ಅಮ್ಮಾ,

ಮುಖ ನೋಡಿದೆ ನೀನು.

ಹೇಗೆ ಶುರುಮಾಡಲಿ ಅಂತ ಎರಡು ದಿನ ಒದ್ದಾಡಿದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಆ ಲೆಕ್ಕ ನನ್ನದು. ಸಂದರ್ಶನದ ದಿನ ಬೋರ್ಡಿನ ಮುಂದೆ ನಿಂತಾಗ ಸಾವಿರದ ನಾನೂರ ನಲವತ್ತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಮುಂದಿನ ಪ್ರಶ್ನೆ "ನಿಮಗೆ ಹೇಗೆ ಗೊತ್ತು?" ಅಂತ ಬರುತ್ತಿತ್ತು. ಆ ಕೋಣೆಯಲ್ಲಿ, ಆ ಗಾಜಿನ ಮೇಜಿನ ಮುಂದೆ, ನನ್ನ ಅಮ್ಮ ಆಸ್ಪತ್ರೆಯ ಕೊಳೆ ಬಟ್ಟೆ ಒಗೆಯುತ್ತಾಳೆ ಅನ್ನಲು ನನ್ನಿಂದ ಆಗಲಿಲ್ಲ. ಹಾಸಿಗೆಗೆ ಒಂದು ಅಂತ ಬರೆದೆ. ನೂರಕ್ಕೆ ಹತ್ತು ಸೇರಿಸಿದೆ. "ಸರಳವಾಗಿದೆ, ಆಸ್ಪತ್ರೆ ಪರಿಚಯ ಇದ್ಯಾ?" ಅಂದರು ಸಾಹೇಬರು. "ನಮ್ಮೂರ ಆಸ್ಪತ್ರೇಲಿ ಅಮ್ಮ ನರ್ಸ್" ಅಂದೆ. ನರ್ಸಿನ ಮಗಳ ಮಾತು ಅಂತ ಅವರು ನಂಬಿದರು.

ಏಪ್ರಿಲ್‌ನಲ್ಲಿ ನಮ್ಮ ಆಸ್ಪತ್ರೆಯ ಕಡತ ಮೇಜಿಗೆ ಬಂತು. "ನಿಮ್ಮ ಲೆಕ್ಕದಿಂದಲೇ ಶುರುಮಾಡೋಣ" ಅಂದರು. ಆಗಲಾದರೂ ಹೇಳಬಹುದಿತ್ತು. ನನ್ನ ಕೈಯಾರೆ ಟೈಪ್ ಮಾಡಿದೆ. ಬೇರೆ ವಿಭಾಗ ಅಂತ ನಿನಗೆ ಬರೆದದ್ದು ಸುಳ್ಳು.

ಮೊನ್ನೆ ಬರುವುದಿಲ್ಲ ಅಂತ ಹೇಳಲು ಹೋಗಿ ಕಾರಣ ಸಿಗಲಿಲ್ಲ. ಬಂದೆ. ಲಾಂಡ್ರಿಯ ಬಾಗಿಲಲ್ಲಿ ನೀನು ಗಾಡಿಯನ್ನು ಬದಿಗೆ ತಳ್ಳಿ, "ಬನ್ನಿ ಮೇಡಂ, ನೆಲ ಒದ್ದೆ ಇದೆ, ಜಾರೀತು" ಅಂದೆ. ಮೇಡಂ ಅಂದೆ ಅಮ್ಮಾ. ಸಾಹೇಬರು ನನ್ನ ಕಡೆ ತಿರುಗಿ, "ನಿಮ್ಮ ತಾಯಿ ಇಲ್ಲೇ ಅಲ್ವಾ? ಕರೀರಿ, ಮಾತಾಡಿಸೋಣ" ಅಂದರು. ನಿನ್ನಿಂದ ಮೂರು ಹೆಜ್ಜೆ ದೂರದಲ್ಲಿ ನಿಂತು "ರಜೆಯಲ್ಲಿದ್ದಾರೆ ಸರ್" ಅಂದೆ. ನನ್ನನ್ನು ಎತ್ತಿ ಆಡಿಸಿದವರು ಅಲ್ಲಿ ಆರು ಜನ ಇದ್ದರು. ನೀನು ಅವರಿಗೆ ಕಣ್ಣಲ್ಲೇ ಏನು ಹೇಳಿದೆಯೋ, ಒಬ್ಬರೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. ತಲೆ ತಗ್ಗಿಸಿ ಶೀಟು ಮಡಿಸುತ್ತಿದ್ದರು. ಅಪರಿಚಿತರ ಹಾಗೆ.

ನನ್ನ ಮಾನ ಉಳಿಸಲು ನೀನು ನನ್ನನ್ನು ಮೇಡಂ ಅಂದೆ. ನಾನು ಸುಮ್ಮನೆ ತಲೆಯಾಡಿಸಿ ಒಳಗೆ ನಡೆದೆ. ಒದ್ದೆ ನೆಲದ ಮೇಲೆ ನನ್ನ ಕಂದು ಚಪ್ಪಲಿ ಮಾತ್ರ ಕಾಣುತ್ತಿತ್ತು. ನನಗೆ ನನ್ನ ಮೇಲೇ ಹೇಸಿಗೆಯಾಗಿದೆ. ಏನು ಮಾಡಲಿ ಹೇಳು.

ಚುಕ್ಕಿ


ಜುಲೈ 24

ಮಗಳೇ,

ಉತ್ತರ ಬರೆಯಬಾರದು ಅಂತ ಇದ್ದೆ. ಹತ್ತು ದಿನ ಬರೆಯಲಿಲ್ಲ ಕೂಡ.

ನಿನ್ನನ್ನು ಉಳಿಸಲು ಮೇಡಂ ಅಂದೆ ಅಂತ ಬರೆದಿದ್ದೀಯ. ನಾನು ಅಷ್ಟು ದೊಡ್ಡವಳಲ್ಲ. ನೀನು ಬಾಗಿಲಲ್ಲಿ ಕಂಡಾಗ, ಹೇಳದೆ ಕೇಳದೆ ಬಂದಿದ್ದಾಳೆ ಅಂತ ಖುಷಿಯಾಗಿ ಅಪ್ರಾನಿಗೆ ಕೈ ಒರೆಸಿಕೊಂಡು ಎರಡು ಹೆಜ್ಜೆ ಮುಂದೆ ಬಂದೆ. ನೀನು ಗೋಡೆ ನೋಡಿದೆ. ಆಮೇಲೆ ನನ್ನ ಬಾಯಿಗೆ ಬೇರೆ ಯಾವ ಹೆಸರೂ ಬರಲಿಲ್ಲ.

ಪುಸ್ತಕದ ಲೆಕ್ಕ ನಿನ್ನದು ಅಂತ ನನಗೆ ಮೊದಲೇ ಅನುಮಾನ ಇತ್ತು. ಮಾರ್ಚಿನ ಕಾಗದದಲ್ಲಿ ಚಪ್ಪಲಿಯ ಬಣ್ಣ ಬರೆದೆ, ಉತ್ತರ ಏನು ಹೇಳಿದೆ ಅಂತ ಬರೆಯಲಿಲ್ಲ. ಹದಿನೈದನೇ ಶೀಟಿನ ಮೇಲೆ ಕೂತಾಗಲೂ ನೀನು ಹೀಗೆಯೇ ಬೇರೆ ಏನೇನೋ ಮಾತಾಡುತ್ತಿದ್ದೆ. ಅನುಮಾನ ಬಂದರೂ ನಾನು ಕೇಳಲಿಲ್ಲ. ಕೇಳಿದರೆ ಹೌದು ಅಂದುಬಿಟ್ಟರೆ ಅಂತ ಹೆದರಿದೆ.

ನರ್ಸ್ ಅಂದದ್ದು ಹೊಸದಲ್ಲ. ಏಳನೇ ಕ್ಲಾಸಿನ ಫಾರಮ್ಮಿನಲ್ಲೂ ನೀನು ಹಾಗೆಯೇ ತುಂಬಿದ್ದೆ. ಕೆಳಗೆ ಸಹಿ ಹಾಕಿದ್ದು ನಾನೇ. ಓದಿಯೇ ಹಾಕಿದೆ. ಓದುವಾಗ ನನ್ನ ಕಣ್ಣಿಗೂ ಅದು ಚೆನ್ನಾಗಿ ಕಂಡಿತು. ಅವತ್ತು ಅದನ್ನು ಹೊಡೆದುಹಾಕಿ ಇದ್ದದ್ದು ಬರೆಸಿದ್ದರೆ, ಇವತ್ತು ರೇಡಿಯೋ ಕೆಲಸ ಹುಡುಕಿಕೊಂಡು ಬೀದಿ ಸುತ್ತುತ್ತಿರಲಿಲ್ಲ. ಇದು ನೆನಪಾದಾಗಲೆಲ್ಲ ನನಗೆ ತಲೆ ಎತ್ತಲಾಗುವುದಿಲ್ಲ. ನಾಚಿಕೆ ನಿನಗೊಬ್ಬಳಿಗೇ ಅಲ್ಲ.

ಏನು ಮಾಡಲಿ ಅಂತ ಕೇಳಿದ್ದೀಯ. ನನ್ನ ಹತ್ತಿರ ಅತ್ತು ಪ್ರಯೋಜನ ಇಲ್ಲ. ಬರೆದುಕೋ. ಸಾಮಾನ್ಯ ವಾರ್ಡು, ಮುನ್ನೂರ ಎಂಬತ್ತು ಹಾಸಿಗೆ, ಎರಡು ದಿನಕ್ಕೆ ಮೂರು ಶೀಟು, ದಿನಕ್ಕೆ ಐನೂರ ಎಪ್ಪತ್ತು. ಮಕ್ಕಳದು ಎಂಬತ್ತು ಹಾಸಿಗೆ, ಮೂರು ಮೂರು, ಇನ್ನೂರ ನಲವತ್ತು. ಹೆರಿಗೆ ತೊಂಬತ್ತು, ನಾಲ್ಕು ನಾಲ್ಕು, ಮುನ್ನೂರ ಅರವತ್ತು. ಸುಟ್ಟಗಾಯ ಇಪ್ಪತ್ತು, ಆರು ಆರು, ನೂರ ಇಪ್ಪತ್ತು. ತುರ್ತು ಮೂವತ್ತು, ಐದು ಐದು, ನೂರ ಐವತ್ತು. ಕೂಡಿಸಿ ನೋಡು. ಯಾರು ಹೇಳಿದ್ದು ಅಂತ ಕೇಳಿದರೆ ಏನು ಹೇಳಬೇಕು ಅಂತ ನಾನು ಹೇಳಿಕೊಡುವುದಿಲ್ಲ.

ಅಮ್ಮ


ಆಗಸ್ಟ್ 6

ಅಮ್ಮಾ,

ಹೇಳಿದೆ.

ಸೋಮವಾರದ ಮೀಟಿಂಗಿನಲ್ಲಿ ಒಂಬತ್ತು ಜನ ಇದ್ದರು. ಅದೇ ಕೋಣೆ, ಅದೇ ಬೋರ್ಡು. ನಿನ್ನ ಲೆಕ್ಕವನ್ನು ವಾರ್ಡು ವಾರ್ಡಾಗಿ ಬರೆದೆ. ಅಕ್ಷರ ಸೊಟ್ಟಗೆ ಬಂತು.

"ಇದರ ಮೂಲ ಯಾವುದು?" ಅಂದರು ಕನ್ನಡಕದ ಸಾಹೇಬರು.

"ನನ್ನ ಅಮ್ಮ ಸರ್. ಆ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷದಿಂದ ಬಟ್ಟೆ ಒಗೀತಾರೆ."

"ನರ್ಸ್ ಅಂದಿದ್ರಿ?"

"ಸುಳ್ಳು ಹೇಳಿದ್ದೆ. ಅವತ್ತು ಬಾಗಿಲಲ್ಲಿ ಗಾಡಿ ಬದಿಗೆ ತಳ್ಳಿದ್ರಲ್ಲ, ಅವರೇ ನನ್ನ ಅಮ್ಮ."

ಪಕ್ಕದ ಮೇಜಿನವಳು ತನ್ನ ಪೆನ್ನಿನ ಮುಚ್ಚಳ ತೆಗೆಯುವುದು ಹಾಕುವುದು ಮಾಡುತ್ತಿದ್ದಳು. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸಂದರ್ಶನದ ದಿನ ಈ ಲೆಕ್ಕ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಒಂದು ಅಂತ ಯಾಕೆ ಬರೆದ್ರಿ?"

ಈ ಪ್ರಶ್ನೆಗೆ ಹತ್ತಲು ಮೆಟ್ಟಿಲುಗಳಿರಲಿಲ್ಲ ಅಮ್ಮಾ. "ನಾಚಿಕೆಯಾಯ್ತು" ಅಂದೆ.

ಅವರು ಎದ್ದು ಬೋರ್ಡಿನ ಹತ್ತಿರ ಹೋಗಿ ಒಂದೊಂದೇ ಸಾಲು ಕೂಡಿಸಿ ನೋಡಿದರು. "ಒಂದೇ ಒಂದು ಗಂಟು ಬಿಚ್ಚಿ ಎಣಿಸೋಕೆ ನಮ್ಮಲ್ಲಿ ಯಾರೂ ಹೋಗ್ಲಿಲ್ಲ, ನಾನೂ ಹೋಗ್ಲಿಲ್ಲ" ಅಂದರು. ನನ್ನನ್ನು ಹೊರಗೆ ಕೂರಲು ಹೇಳಿದರು. ವರದಿ ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಆಸ್ಪತ್ರೆಗೆ ಪತ್ರ ಹೋಗಿದೆ. ನನ್ನ ಮೇಜು ಕೆಳಗಿನ ಕಡತದ ಕೋಣೆಗೆ ಹೋಗಿದೆ. ಇಟ್ಟುಕೊಳ್ಳುತ್ತಾರೋ ಕಳಿಸುತ್ತಾರೋ ತಿಂಗಳ ಕೊನೆಗೆ ತಿಳಿಯುತ್ತದೆ. ಈ ಕುರ್ಚಿಗೆ ಚಕ್ರ ಇಲ್ಲ.

ಅಮ್ಮಾ, ಭಾನುವಾರ ಬರಲಾ? ಲಾಂಡ್ರಿಗೆ ರಜೆ ಇರುತ್ತದೆ, ಮನೆಯಲ್ಲಿ ನಾವಿಬ್ಬರೇ. ಬಾಗಿಲು ಹಾಕಿಕೊಂಡು ಕೂತು ಮಾತಾಡಬೇಕು. ಕಾಗದದಲ್ಲಿ ಕ್ಷಮೆ ಕೇಳಲು ನನಗೆ ಬರುವುದಿಲ್ಲ.

ಚುಕ್ಕಿ


ಆಗಸ್ಟ್ 13

ಚುಕ್ಕಿ,

ಮೆಷಿನ್ನುಗಳ ಬೀಗ ತೆಗೆದಿದ್ದಾರೆ. ಆರು ಜನರನ್ನೂ ಕರೆದರು, ನಾಲ್ವರು ಬಂದಿದ್ದಾರೆ. ರೇಡಿಯೋ ಬರಲಿಲ್ಲ. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿದ್ದಾಳೆ. "ಒಂದ್ಸಲ ಬೇಡ ಅಂದೋರ ಹತ್ರ ಮತ್ತೆ ಹೋಗಲ್ಲ" ಅಂದಳು. ಅವಳಿಗೆ ನಿನ್ನ ವಿಷಯ ಹೇಳಿದ್ದೇನೆ. ಏನಂದಳು ಅಂತ ನಾನು ಬರೆಯುವುದಿಲ್ಲ, ನೀನೇ ಹೋಗಿ ಕೇಳಿಕೋ.

ನೀಲಿ ಗೆರೆಯ ಶೀಟು ಮೊನ್ನೆ ಕೊಳೆಯ ಗಂಟಿನಲ್ಲಿ ವಾಪಸ್ ಬಂತು. ಒಗೆದು ಮಡಿಚಿಟ್ಟಿದ್ದೇನೆ.

ಭಾನುವಾರ ಬರಬೇಡ. ಸೋಮವಾರ ಬಾ, ಹನ್ನೊಂದು ಗಂಟೆಗೆ. ಆ ಹೊತ್ತಿಗೆ ನಾಲ್ಕು ಮೆಷಿನ್ನೂ ಓಡುತ್ತಿರುತ್ತವೆ, ಎಲ್ಲರೂ ಇರುತ್ತಾರೆ. ನಾನು ಒಳಗಡೆ ರೋಲರ್ ಹತ್ತಿರ ಬೆನ್ನು ಹಾಕಿ ನಿಂತಿರುತ್ತೇನೆ. ಯಾರ ಹತ್ತಿರವೂ ಹೇಳಿ ಕರೆಸಬೇಡ. ಬಾಗಿಲಲ್ಲಿ ನಿಂತು ಅಮ್ಮಾ ಅಂತ ಕೂಗು. ನನ್ನ ಕಿವಿ ನಿನಗೆ ಗೊತ್ತಲ್ಲ, ನನಗೆ ಕೇಳಿಸುವ ತನಕ ಕೂಗು.

ಅಮ್ಮ